ಹಗೇವಿನೊಳಗಿನ ಪೋರ್ಟ್

ಚೊಳಚಗುಡ್ಡದ ಅಮಾತೆಪ್ಪ, ಜೋಳ ತುಂಬುವ ನೆಲದಡಿಯ ಹಗೇವಿನಲ್ಲಿ ತನ್ನ ತೋಟದ ದ್ರಾಕ್ಷಿಯ ಪೋರ್ಟ್ ವೈನ್ ಬಾಟಲಿಗಳನ್ನು ಮಾಗಲೆಂದು ಮಲಗಿಸಿದ ದಿನವೇ ತಾಯಿ ಇಂದ್ರಾಬಾಯಿ ಮಗನೊಡನೆ ಮಾತು ಬಿಟ್ಟಿದ್ದಳು. ಅದಕ್ಕೀಗ ಹನ್ನೆರಡು ವರ್ಷ. ಇವತ್ತು ಅವನು ಮೊದಲ ಬಾಟಲಿ ತೆಗೆದು, ತಳದ ಗಸಿ ಕದಡದಂತೆ ಗ್ಲಾಸಿಗೆ ಬಗ್ಗಿಸಿ, ಒಂದು ಗುಟುಕು ಕುಡಿದ. ಮೊದಲು ಸಿಹಿ, ಹಿಂದೆಯೇ ಒಗರು. ಹದಕ್ಕೆ ಬಂದಿದೆಯೋ ಇಲ್ಲವೋ ತಿಳಿಯಲಿಲ್ಲ. ಹಗೇವಿನ ಜೋಳವನ್ನು ಮೂಸಿಯೇ ಅದರ ವಯಸ್ಸು ಹೇಳುವ ಮೂಗು ಆ ಮನೆಯಲ್ಲಿ ಒಂದೇ. ಅಳುಕುತ್ತಲೇ ಗ್ಲಾಸನ್ನು ಅವ್ವನ ಮುಂದೆ ಹಿಡಿದ.

ಇಂದ್ರಾಬಾಯಿ ಕೊರಳಿನ ಲಿಂಗವನ್ನು ಸೆರಗಿನಿಂದ ಮುಚ್ಚಿಕೊಂಡು ಮೂಸಿದಳು.

“ಇದರ ಸಿಟ್ಟು ಇನ್ನಾ ಇಳದಿಲ್ಲ. ಐದು ವರ್ಷ ಮುಚ್ಚಿಡು.”

“ಮತ್ತ ನಿಂದು, ಯವ್ವಾ?”

“ನಂದು ಯಾವಾಗೋ ಇಳದೈತಿ. ನೀನ ಬಂದು ಮಾತಾಡಿಸಲಿಲ್ಲ.”