ಅಮ್ಮ ತೊಟ್ಟ ಹಸಿರು ನಿಲುವಂಗಿ

ಅಮ್ಮ ಕೋಣೆಯಿಂದ ಹೊರಗೆ ಬಂದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಮಗಳೇ. ನೆಲ ಗುಡಿಸುವಷ್ಟು ಉದ್ದದ ಹಸಿರು ಮಖಮಲ್ಲಿನ ನಿಲುವಂಗಿ, ಎದೆಯ ತುಂಬ ಬಿಳಿ ದಾರದ ಹಕ್ಕಿಗಳು, ತಲೆಯ ಮೇಲೆ ಮಣಿಸರ ಇಳಿಬಿಟ್ಟ ಟೋಪಿ. ಗಂಡ ತೀರಿಹೋದ ಮೇಲೆ ಬೂದು ಬಣ್ಣ ಬಿಟ್ಟು ಬೇರೆ ಮುಟ್ಟದ ಹೆಂಗಸು ಅರವತ್ತಾರರ ವಯಸ್ಸಿನಲ್ಲಿ ಹೀಗೆ ಬಂದು ನಿಂತರೆ ಯಾರು ತಾನೇ ಕಣ್ಣರಳಿಸುವುದಿಲ್ಲ?

"ಬಹುಮಾನ ನಿಮ್ಮಮ್ಮನಿಗೇ ಹೋಯ್ತು ಬಿಡು," ಎಂದಳು ದೊಡ್ಡಕ್ಕ. ಹೆಡ್ ನರ್ಸ್ ಆಗಿದ್ದ ಅವಳನ್ನು ವಾರ್ಡಿನವರೆಲ್ಲ ಕರೆಯುತ್ತಿದ್ದದ್ದೇ ಹಾಗೆ.

ಪಾರ್ಟಿ ಮಗಳ ಯೋಚನೆ. ಅವಳು ನರ್ಸ್ ಆಗಿದ್ದ ಡಯಾಲಿಸಿಸ್ ವಾರ್ಡಿನಲ್ಲಿ ಏಳೆಂಟು ದೇಶಗಳವರು ದುಡಿಯುತ್ತಿದ್ದರು. ಎಲ್ಲರದೂ ಒಂದೇ ನೀಲಿ ಸಮವಸ್ತ್ರ. ಯಾರು ಮನೆಯಲ್ಲಿ ಏನು ಉಡುತ್ತಾರೆ, ಏನು ತಿನ್ನುತ್ತಾರೆ ಎಂದು ಇನ್ನೊಬ್ಬರಿಗೆ ತಿಳಿಯದು. ಶನಿವಾರ ಮಧ್ಯಾಹ್ನ ಅವರವರ ಉಡುಗೆಯಲ್ಲಿ ಬನ್ನಿ, ನಿಮ್ಮ ಕಡೆಯ ಒಂದು ಅಡುಗೆ ತನ್ನಿ, ಚೆಂದದ ಉಡುಗೆಗೆ ಬಹುಮಾನವಿದೆ ಎಂದು ಮನೆಗೆ ಕರೆದಿದ್ದಳು. ಸೋಫಾವನ್ನು ಬಾಲ್ಕನಿಗೆ ತಳ್ಳಿ, ಗೋಡೆಯಗಲದ ಭೂಪಟ ತೂಗುಹಾಕಿ, ಎಲ್ಲರೂ ಸೇರಿದ ಮೇಲೆ ಹೇಳಿದ್ದಳು: "ಯಾರು ಎಲ್ಲಿಂದಾದ್ರೂ ಬಂದಿರ್ಲಿ, ಇವತ್ತಿಂದ ನೀವೆಲ್ಲ ನಮ್ಮ ಮನೆಯವರೇ."

ಈಗ ಅವಳು ನಗುತ್ತ ಅಮ್ಮನ ತೋಳು ಹಿಡಿದಳು. "ಎಲ್ಲಿ ಬಾಡಿಗೆಗೆ ತಂದೆ ಇದನ್ನ?"

"ಬಾಡಿಗೆದಲ್ಲ. ಇವರಮ್ಮ ಹಾಕ್ಕೊಂಡಿದ್ದು," ಎಂದು ಅಮ್ಮ ಬಾಗಿಲ ಕಡೆ ನೋಡಿದಳು.

ಹೊಸ್ತಿಲಲ್ಲಿ ಅವರ ಕಟ್ಟಡದ ಲಿಫ್ಟ್ ರಿಪೇರಿಯವನು ನಿಂತಿದ್ದ. ನುಣ್ಣಗೆ ಕ್ಷೌರ ಮಾಡಿದ ಕೆನ್ನೆ, ಎದೆಯ ಮೇಲೆ ಅದೇ ಬಿಳಿ ಹಕ್ಕಿಗಳಿದ್ದ ಹಳೆಯ ಕೋಟು.

"ಲಿಫ್ಟ್ ಮತ್ತೆ ಕೈ ಕೊಡ್ತಾ?" ಎಂದ ಮಗಳ ಗಂಡ, ತಟ್ಟೆಯಿಂದ ತಲೆಯೆತ್ತಿ.

"ಇಲ್ಲ. ಲಿಫ್ಟ್... ಇವತ್ತು ಚೆನ್ನಾಗಿದೆ," ಎಂದು ಅರೆಬರೆ ಕಲಿತ ಭಾಷೆಯಲ್ಲಿ ತಡವರಿಸಿದ ರಿಪೇರಿಯವನು. ಯಾರೋ ಕಿಸಕ್ಕೆಂದರು.

"ಇದು ವೇಷ ಅಲ್ಲ ಕಣೇ," ಎಂದಳು ಅಮ್ಮ. "ಮದುವೆ ಬಟ್ಟೆ. ಬೆಳಿಗ್ಗೆ ರಿಜಿಸ್ಟರ್ ಮಾಡಿಸ್ಕೊಂಡು ಬಂದ್ವಿ."

"ಯಾರ ಮದುವೆ?"

"ನಂದು."

ಮಾತು ಅರ್ಥವಾಗದ ಯಾರೋ ಒಬ್ಬರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದು, ಪಕ್ಕದವರ ಮುಖ ನೋಡಿ ನಿಲ್ಲಿಸಿದರು. ಮಗಳ ಮುಖದ ಮೇಲೆ ನಗು ಹಾಗೇ ಉಳಿದಿತ್ತು. ಅದನ್ನು ತೆಗೆಯುವುದು ಅವಳಿಗೆ ಮರೆತೇಹೋಗಿತ್ತು. ಅಮ್ಮನನ್ನು ದರದರನೆ ಅಡುಗೆಮನೆಗೆ ಎಳೆದುಕೊಂಡು ಹೋದಳು.

"ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದಿದ್ರೆ ನಾನು ಸುಮ್ಮನಾಗಿಬಿಡ್ತಿದ್ದೆ. ಅದಕ್ಕೇ ಹೇಳ್ಲಿಲ್ಲ."

"ಅಪ್ಪನ್ನ ಮರೆತುಬಿಟ್ಯಾ?"

"ಇವರ ಹತ್ರ ನಾನು ಹೆಚ್ಚು ಮಾತಾಡಿರೋದೇ ನಿಮ್ಮಪ್ಪನ ಬಗ್ಗೆ." ಅಮ್ಮ ಟೋಪಿಯ ಮಣಿಗಳನ್ನು ಕಣ್ಣಿಂದ ಸರಿಸಿಕೊಂಡಳು. "ಚಳಿಗಾಲದಲ್ಲಿ ನಾನು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ನಲ್ಲ, ಉಸಿರೇ ನಿಂತ ಹಾಗಾಗಿತ್ತು. ನಿನಗೆ ಫೋನ್ ಮಾಡಿದ್ರೆ ನೀನು ಡ್ಯೂಟೀಲಿದ್ದೆ. ಇವರು ಬಾಗಿಲಾಚೆ ಕೂತು ಮಾತಾಡ್ತಾನೇ ಇದ್ರು. ಅರ್ಧಕ್ಕರ್ಧ ಅರ್ಥ ಆಗ್ಲಿಲ್ಲ. ಆದ್ರೂ ಹೆದರಿಕೆ ಹೋಯ್ತು."

"ಅಷ್ಟಕ್ಕೇ ಮದುವೇನಾ? ಗೊತ್ತುಗುರಿ ಇಲ್ಲದವನು! ಎಲ್ಲಿಂದ ಬಂದವನೋ, ಯಾವ ಜನವೋ!"

ದನಿ ಎಷ್ಟು ಏರಿತ್ತೆಂದು ಅವಳಿಗೆ ತಿಳಿದದ್ದು ನಡುಮನೆಯಲ್ಲಿ ಚಮಚಗಳ ಸದ್ದು ನಿಂತಾಗ.

ಅಮ್ಮ ಸಿಟ್ಟಾಗಲಿಲ್ಲ. "ಮೆಲ್ಲಗೆ," ಎಂದಳು. "ಇಷ್ಟು ಮಾತು ಅವರಿಗೆ ಅರ್ಥ ಆಗುತ್ತೆ."

ಮಗಳು ಹೊರಗೆ ಬಂದಳು. ಬಣ್ಣಬಣ್ಣದ ಉಡುಗೆಗಳಲ್ಲಿ ನಿಂತವರಲ್ಲಿ ಒಬ್ಬರೂ ಅವಳತ್ತ ನೋಡಲಿಲ್ಲ. ದೊಡ್ಡಕ್ಕ ತಾನು ತಂದ ಪಾತ್ರೆಯ ಮುಚ್ಚಳ ಮುಚ್ಚುತ್ತಿದ್ದಳು. ಅವಳೂ ಸಮುದ್ರ ದಾಟಿ ಬಂದವಳೇ. "ನಾನು ಹೇಳಿದ್ದು ಹಾಗಲ್ಲ..." ಎಂದು ಮಗಳು ಬಾಯಿ ತೆರೆದಳು.

"ಕೆಳಗೆ ಕಾಯ್ತೀನಿ," ಎಂದು ರಿಪೇರಿಯವನು ಮೆಟ್ಟಿಲಿಳಿದು ಹೋದ.

ಅವನ ಮನೆಗೆ ಹೋಗಲು ಸಿದ್ಧಮಾಡಿಟ್ಟಿದ್ದ ಚೀಲವನ್ನು ಅಮ್ಮ ತಂದಳು. ಮಗಳು ಅದನ್ನು ಕೈಯಿಂದ ಕಸಿದುಕೊಂಡು ಮುಂದೆ ನಡೆದಳು. ಮೂವರೂ ಬಸ್ ನಿಲ್ದಾಣದವರೆಗೆ ನಡೆದರು. ದಾರಿಹೋಕರು ತಿರುತಿರುಗಿ ನೋಡಿದರು.

ಬಸ್ಸು ಬಂದಾಗ ಅವಳು ಚೀಲವನ್ನು ಅವನ ಕೈಗೆ ಕೊಟ್ಟಳು. ಮುಖ ನೋಡದೆಯೇ, "ಅಮ್ಮನಿಗೆ ಮಲಗಿದಾಗ ಎಡಗಾಲು ಹಿಡ್ಕೊಳ್ಳುತ್ತೆ. ಆಗ..." ಎಂದಳು.

"ಗೊತ್ತು," ಎಂದ ಅವನು.

ಅವಳು ಥಟ್ಟನೆ ತಲೆಯೆತ್ತಿದಳು. ಅವನು ಆಗಲೇ ಅಮ್ಮನ ಮೊಣಕೈಗೆ ಆಸರೆ ಕೊಟ್ಟು ಮೆಟ್ಟಿಲು ಹತ್ತಿಸುತ್ತಿದ್ದ. ಒಳಗೆ ಯಾರೋ ಎದ್ದು ಜಾಗ ಬಿಟ್ಟರು. ಅಮ್ಮ ಕೂತು ಏನೋ ಹೇಳಿದಳು, ಅವನು ಬಾಗಿ ಕಿವಿಗೊಟ್ಟ. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಸ್ವಲ್ಪ ಹೊತ್ತಿಗೆ ಇನ್ನೊಂದು ಬಸ್ಸು ಬಂತು. ಇನ್ನೂ ಅಲ್ಲೇ ಇದ್ದ ಅವಳ ಮುಂದೆಯೇ ನಿಂತು ಬಾಗಿಲು ತೆರೆಯಿತು. ಡ್ರೈವರ್ ಅವಳನ್ನೇ ನೋಡುತ್ತ ಕೊಂಚ ಕಾದು, ಬಾಗಿಲು ಮುಚ್ಚಿಕೊಂಡು ಹೊರಟ.