ಸತ್ತವರು ಚಹಾ ಕೇಳುವ ಕಥೆ

ಕಾರ್ಟೂನಿನಲ್ಲಿ ನನ್ನ ಗಂಡನನ್ನು ಕೊಲ್ಲುವ ಕೆಲಸ ನನ್ನದು. ವರ್ಷವಿಡೀ ಅಲ್ಲ, ಮಹಾಲಯ ಅಮಾವಾಸ್ಯೆಯ ಸಂಚಿಕೆಯಲ್ಲಿ ಮಾತ್ರ. ಉಳಿದ ದಿನಗಳಲ್ಲಿ ಅವರ ಪಾತ್ರ ನನ್ನ ಪಾತ್ರದಿಂದ ಬೈಸಿಕೊಳ್ಳುತ್ತಾ ಆರಾಮವಾಗಿ ಬದುಕಿರುತ್ತದೆ, ಮನೆಯಲ್ಲಿ ಹೇಗೋ ಹಾಗೆ.

ಸುರಪುರದಲ್ಲಿ ಶರೀಫಸಾಬನ ಸ್ಟುಡಿಯೋ ಇದೆ. ಮದುವೆಯ ವಿಡಿಯೋ ತೆಗೆಯುವುದು ಅವನ ಹೊಟ್ಟೆಪಾಡು, ಕಾರ್ಟೂನು ಅವನ ಹುಚ್ಚು. ದುಂಡಪ್ಪ ಎಂಬ ಡೊಳ್ಳು ಹೊಟ್ಟೆಯ ಗಂಡನನ್ನೂ ರಾಚವ್ವ ಎಂಬ ಬಾಯಿಬಡುಕಿ ಹೆಂಡತಿಯನ್ನೂ ಕಂಪ್ಯೂಟರಿನಲ್ಲಿ ಬಿಡಿಸಿ, ಕುಣಿಸಿ, ಯೂಟ್ಯೂಬಿಗೆ ಹಾಕುತ್ತಾನೆ. ದುಂಡಪ್ಪನಿಗೆ ದನಿ ಕೊಡುವವರು ನನ್ನ ಗಂಡ ಹುಲಗಪ್ಪ. ರಾಚವ್ವನ ದನಿ ನನ್ನದು. ನಾನು ಮರಿಲಿಂಗಮ್ಮ, ರಂಗಂಪೇಟೆಯ ಅಂಗನವಾಡಿ ಟೀಚರ್. ಕಥೆ ಕಟ್ಟುವುದು, ಮಾತು ಬರೆಯುವುದು ಎಲ್ಲ ನನ್ನ ಪಾಲಿಗೇ ಬಂದಿದೆ. ನಮ್ಮವರು ಬಂದು ಮೈಕಿನ ಮುಂದೆ ಕೂರುತ್ತಾರೆ, ಹೆಸರು ಅವರಿಗೆ ಬರುತ್ತದೆ.

ಒಂದು ದಿನ ಶರೀಫಸಾಬ ಹೊರದೇಶದ ಕಾರ್ಟೂನೊಂದನ್ನು ತೋರಿಸಿದ. ಅಲ್ಲಿಯವರಿಗೆ ಹ್ಯಾಲೋವೀನ್ ಎಂಬ ದೆವ್ವದ ಹಬ್ಬ ಇದೆಯಂತೆ. ವರ್ಷವಿಡೀ ನಗಿಸುವ ಕುಟುಂಬ ಆ ಹಬ್ಬದ ಸಂಚಿಕೆಯಲ್ಲಿ ಮೂರು ಬೇರೆ ಬೇರೆ ದೆವ್ವದ ಕಥೆಗಳಲ್ಲಿ ಸಿಕ್ಕಿಕೊಂಡು ಒದ್ದಾಡುತ್ತದೆ.

“ಅಕ್ಕೋರ, ನಮಗೂ ಇಂಥಾದೊಂದು ಬೇಕ್ರಿ,” ಅಂದ.

“ಕುಂಬಳಕಾಯಿ ಕೊರದು ದೀಪಾ ಇಟ್ರ ನಮ್ಮ ಮಂದಿ ಪಲ್ಯಾ ಯಾಕ ಕೆಡಿಸಿದಿ ಅಂತಾರ,” ಅಂದೆ. “ಅಮಾಸಿಗೆ ಮಾಡೋಣ. ಅವತ್ತ ಹಿರೇರಿಗೆ ಎಡಿ ಇಡತೀವಿ, ಸತ್ತವರು ಮನಿಗೆ ಬರತಾರ. ದೆವ್ವಕ್ಕ ಬ್ಯಾರೆ ಕರಿಯೋದೇ ಬ್ಯಾಡ.”

ಅಂಥ ಸಂಚಿಕೆಗೆ ಅದರದ್ದೇ ಕಾಯಿದೆಗಳಿವೆ, ನೋಡಿ ನೋಡಿ ಕಲಿತೆ. ಮೊದಲು ಒಬ್ಬರು ಮುಂದೆ ಬಂದು ಎದೆ ಗಟ್ಟಿ ಇಲ್ಲದವರು ಎದ್ದು ಹೋಗಿ ಎನ್ನಬೇಕು. ಹಾಗೆ ಅಂದರೆ ಒಬ್ಬರೂ ಏಳುವುದಿಲ್ಲ. ಮುಟ್ಟಬೇಡ ಎಂದದ್ದನ್ನು ದುಂಡಪ್ಪ ಮುಟ್ಟಲೇಬೇಕು. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಹಳೆಯ ಕನ್ನಡಿಯಲ್ಲಿ ಏನೋ ಒಂದು ಸೇರಿಕೊಂಡಿರಬೇಕು. ಹೆಂಡತಿ ಹೇಳಿದ ಮಾತನ್ನು ಯಾರೂ ಕೇಳಬಾರದು, ಇದನ್ನು ಬರೆಯಲು ನಾನು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಾಯಿದೆ ಎಂದರೆ, ಒಂದು ಕಥೆಯಲ್ಲಿ ಸತ್ತದ್ದು ಮುಂದಿನ ಕಥೆಗೆ ಲೆಕ್ಕಕ್ಕಿಲ್ಲ. ಮೊದಲ ಕಥೆಯ ಕೊನೆಗೆ ಕೆನಾಲಿನ ದೆವ್ವ ದುಂಡಪ್ಪನನ್ನು ಚಪ್ಪಲಿ ಬಿಟ್ಟು ಪೂರ್ತಿ ನುಂಗಿರುತ್ತದೆ. ಎರಡನೆಯ ಕಥೆ ಶುರುವಾದರೆ ಅದೇ ದುಂಡಪ್ಪ ಕಟ್ಟೆಯ ಮೇಲೆ ಕೂತು, “ರಾಚವ್ವಾ, ಚಹಾ ಎಲ್ಲಿ?” ಅನ್ನುತ್ತಾನೆ. ರಾಚವ್ವ ಗಾಬರಿಯಾಗುವುದಿಲ್ಲ, ಸಕ್ಕರೆ ಮುಗಿದಿದೆ ಎಂದು ಬೈಯುತ್ತಾಳೆ. ಮಂದಿ ಬಿದ್ದು ಬಿದ್ದು ನಗುವುದು ಅಲ್ಲಿಯೇ. ನನಗೂ ಆ ಜಾಗವೆಂದರೆ ಬಹಳ ಇಷ್ಟ.

ಹೋದ ವರ್ಷ ಆ ಸಂಚಿಕೆಯ ಮಾತೆಲ್ಲ ಬರೆದಿಟ್ಟಿದ್ದೆ. ಮರುದಿನ ರೆಕಾರ್ಡಿಂಗ್. ನಮ್ಮವರು ಹೊಲದಿಂದ ಕೆನಾಲಿನ ಏರಿಯ ಮೇಲೆ ಬರುತ್ತಿದ್ದಾಗ ಕಾಗೆಯೊಂದು ಬಂದು ಅವರ ತಲೆಯ ಮೇಲೆ ಕೂತು ಹಾರಿಹೋಯಿತು. ಮನೆಯ ಮುಂದೆ ಬಂದವರು ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲೇ ನಿಂತು, ಉಟ್ಟ ಬಟ್ಟೆಯ ಮೇಲೆಯೇ ತಲೆಗೆ ನೀರು ಹಾಕಿಸಿಕೊಂಡರು.

ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಬಂತು ಎಂದು ನಮ್ಮ ಕಡೆ ನಂಬುತ್ತಾರೆ. ಅದಕ್ಕೊಂದು ಪರಿಹಾರವೂ ಇದೆ. ಬೇರೆ ಊರಿನಲ್ಲಿರುವ ರಕ್ತಸಂಬಂಧಿಗೆ, ಆ ಮನುಷ್ಯ ಸತ್ತ ಎಂದು ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಿಜವೆಂದೇ ನಂಬಿ ಅಳಬೇಕು. ಆ ಕಣ್ಣೀರಿಗೆ ಕಂಟಕ ಕಳೆಯುತ್ತದೆ. ಆಮೇಲೆ ನಿಜ ಹೇಳಿ, ಬೈಸಿಕೊಂಡು, ಅವರ ಬಾಯಿಗೆ ಸಕ್ಕರೆ ಹಾಕಬೇಕು. ನಮ್ಮ ಮಾವನ ತಮ್ಮ ಅಮರಪ್ಪನಿಗೆ ಹೀಗಾದಾಗ ಶಹಾಪುರದ ನೆಂಟರು ಒಂದು ಟಂಟಂ ಗಾಡಿ ತುಂಬ ಅಳುತ್ತಾ ಬಂದಿದ್ದರು. ಬಂದು ನೋಡಿದರೆ ಅವನು ಕಟ್ಟೆಯ ಮೇಲೆ ಗಡ್ಡ ಹೆರೆಸಿಕೊಳ್ಳುತ್ತಾ ಕೂತಿದ್ದ. ಬಾಯಿಗೆ ಬಂದಂತೆ ಬೈದು, ಹೊಟ್ಟೆ ತುಂಬ ಉಂಡು ಹೋದರು.

ನನಗೆ ಕಾಗೆಯ ಮೇಲೆ ನಂಬಿಕೆಯಿಲ್ಲ. ಅದಕ್ಕೆ ಕೂರಲು ಎತ್ತರದ ಜಾಗ ಬೇಕಿತ್ತು, ನಮ್ಮವರ ತಲೆ ಸಿಕ್ಕಿತು. ಆದರೆ ಅವರು ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯದೆ ಸುಮ್ಮನೆ ನೋಡುತ್ತಿದ್ದರು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

“ಅಕ್ಕಗ ಸುದ್ದಿ ಹೇಳಿ ಕಳಿಸೋಣೇನ್ರಿ?” ಅಂದೆ.

“ಬ್ಯಾಡ,” ಅಂದರು. “ಅಕಿಗೆ ಬ್ಯಾಡ.”

ಒಡಹುಟ್ಟಿದವಳು ಅಂತ ಅವರಿಗೆ ಇರುವುದು ಅಕ್ಕ ಬಸ್ಸಮ್ಮ ಒಬ್ಬಳೇ. ಕಡೇಚೂರಿನಲ್ಲಿ ಇದ್ದಾಳೆ. ಅವಳು ನಮ್ಮ ಹೊಸ್ತಿಲು ತುಳಿದು ಐದು ವರ್ಷವಾಗಿತ್ತು. ನಮ್ಮ ಅತ್ತೆ ಭೀಮವ್ವ ತೀರಿಕೊಂಡದ್ದು ಒಂದು ಮುಂಜಾನೆ. ಮಗಳು ಬಂದು ಮುಖ ನೋಡುವ ತನಕ ತಾಯಿಯನ್ನು ಮಣ್ಣಿಗೆ ಇಡುವುದಿಲ್ಲ, ಇದು ಯಾರೂ ಹೇಳಿಕೊಡಬೇಕಾದ ಮಾತಲ್ಲ. ಆದರೆ ಆ ಸಂಜೆ ನಮ್ಮ ಹೊಲಕ್ಕೆ ಕೆನಾಲಿನ ನೀರಿನ ಪಾಳಿ ಇತ್ತು. ನಮ್ಮದು ಕಾಲುವೆಯ ಕಟ್ಟಕಡೆಯ ಹೊಲ, ಪಾಳಿ ತಪ್ಪಿದರೆ ಮತ್ತೆ ಯಾವಾಗ ನೀರು ಬಂದೀತೋ ದೇವರೇ ಬಲ್ಲ. ಮಧ್ಯಾಹ್ನದ ತನಕ ಕಾದರು. ಅಕ್ಕ ಬರಲಿಲ್ಲ. ಹೆಣ ಎತ್ತಿಸಿದರು. ನಾನು ಬೇಡವೇ ಬೇಡ ಅಂದೆ, ಹೆಂಡತಿಯ ಮಾತು ಯಾರು ಕೇಳುತ್ತಾರೆ. ಬಸ್ಸಮ್ಮ ಬಂದಾಗ ಹಸಿ ಮಣ್ಣಿನ ಗುಡ್ಡೆಯಷ್ಟೇ ಇತ್ತು. ನಮ್ಮವರು ಹೊಲದಲ್ಲಿ ನೀರು ಹಾಯಿಸುತ್ತಿದ್ದರು.

“ಇವತ್ತಿಗೆ ನನ್ನ ತವರು ತೀರಿತು,” ಎಂದು ಆ ಮಣ್ಣಿನ ಮೇಲೆ ಕೈ ಇಟ್ಟು ಹೇಳಿ, ಒಂದು ಗುಟುಕು ನೀರೂ ಕುಡಿಯದೆ ಹೊರಟುಹೋದಳು.

“ಅಕಿಗ್ಯಾಕ ಬ್ಯಾಡ್ರಿ?” ಎಂದು ಮತ್ತೆ ಕೇಳಿದೆ.

“ಅಕಿ ಅಳದಿದ್ರ?” ಅಂದರು. ಆಮೇಲೆ ತಟ್ಟೆ ಅತ್ತ ಸರಿಸಿ, “ಸತ್ರ ಸಾಯತೀನಿ. ನಾ ಸತ್ತೀನಿ ಅಂದ್ರೂ ನಮ್ಮಕ್ಕ ಅಳಲಿಲ್ಲ ಅಂತ ಕಿವೀಲೆ ಕೇಳಿ ಹೆಂಗ ಬದುಕಲಿ?” ಅಂದರು.

ಕಾಗೆಯ ಹೆದರಿಕೆಗಿಂತ ದೊಡ್ಡ ಹೆದರಿಕೆ ಇದು ಎಂದು ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಸ್ಟುಡಿಯೋಗೆ ಹೋದೆವು. ಕೆನಾಲಿನ ದೆವ್ವ ನುಂಗುವಾಗ ದುಂಡಪ್ಪ, “ರಾಚವ್ವಾ, ಚಪ್ಪಲಿ ಕೆನಾಲ ದಂಡ್ಯಾಗ ಬಿಟ್ಟೀನಿ, ಒಳಗಿಡು!” ಎಂದು ಕೂಗಬೇಕು. ನಮ್ಮವರು ಕೂಗಿದರು. ದನಿ ನಡುವೆಯೇ ಒಡೆದುಹೋಯಿತು. ಮತ್ತೆ ಕೂಗಿದರು, ಮತ್ತೆ ಹಾಗೆಯೇ ಆಯಿತು. ಶರೀಫಸಾಬ ಕಿವಿಯ ಮೇಲಿನ ಹೆಡ್‌ಫೋನ್ ತೆಗೆದ.

“ಹುಲಗಪ್ಪಣ್ಣ, ಇದು ನಗಿಸೋ ಸಾವು ಅದ. ನೀವು ಖರೇನ ಸಾಯಾಕತ್ತೀರಿ,” ಅಂದ.

ರೆಕಾರ್ಡಿಂಗ್ ನಿಂತಿತು. ನಮ್ಮವರು ಮುಖ ತಗ್ಗಿಸಿಕೊಂಡು ಮನೆಗೆ ಹೋದರು. ನಾನು ಅಲ್ಲೇ ನಿಂತು ಗಟ್ಟಿ ಮನಸ್ಸು ಮಾಡಿದೆ. ಅವರು ಬೇಡ ಅಂದರೂ ಸುದ್ದಿ ಕಳಿಸುವುದೇ ಸರಿ. ಬಸ್ಸಮ್ಮ ಖಂಡಿತ ಅಳುತ್ತಾಳೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು.

ಆದರೆ ಹೇಳುವವರು ಯಾರು? ಕುಂಕುಮ ಇಟ್ಟುಕೊಂಡು ಗಂಡ ಸತ್ತ ಎಂದು ಹೇಳುವ ಬಾಯಿ ನನಗಿಲ್ಲ, ಕಾರ್ಟೂನಿನಲ್ಲಿ ಎಷ್ಟು ಸಲ ಕೊಂದಿದ್ದರೂ. ಶರೀಫಸಾಬನನ್ನು ಕೇಳಿದರೆ, “ಮದುವಿ ತೆಗಿಯೋನು ನಾ, ನನ್ನ ಬಾಯಿಂದ ಬ್ಯಾಡ್ರಿ,” ಎಂದು ಕೈ ಮುಗಿದ. ಕೊನೆಗೆ ನಮ್ಮ ಓಣಿಯ ತಾಯಪ್ಪನಿಗೆ ಫೋನ್ ಮಾಡಿದೆ. ಅವನು ಕಡೇಚೂರಿನ ಫ್ಯಾಕ್ಟರಿಯಲ್ಲಿ ದುಡಿಯುತ್ತಾನೆ, ಬಸ್ಸಮ್ಮನ ಮನೆಯ ಹತ್ತಿರವೇ ಅವನ ಖೋಲಿ. ಹೋಗಿ ಸುದ್ದಿ ಹೇಳು, ಅವಳು ಅತ್ತ ಕೂಡಲೇ ನಿಜ ಹೇಳಿಬಿಡು ಎಂದು ತಿಳಿಸಿ ಹೇಳಿದೆ.

ಸ್ವಲ್ಪ ಹೊತ್ತಿಗೆ ಅವನ ಫೋನ್ ಬಂತು. “ಅಕ್ಕೋರ, ಹೇಳ್ದೆ. ಅಳಲಿಲ್ರಿ.”

“ಏನಂದ್ಳು?”

“ಏನೂ ಅನಲಿಲ್ಲ. ನನ್ನ ಮಾರಿ ನೋಡಿದ್ಳು, ಬಾಗ್ಲಾ ಹಾಕ್ಕೊಂಡ್ಳು. ಬಾಜೂಮನಿ ಹೆಣ್ಮಕ್ಕಳು ಅಳಕೋತ ಬಂದ್ರ, ‘ಈಗ ಬ್ಯಾಡ, ಹೋಗ್ರಿ’ ಅಂತ ಒಳಗಿಂದನ ಕಳಿಸಿದ್ಳು. ಅಳದೆ ಇದ್ದಾಕಿಗೆ ಖರೇ ಹೆಂಗ ಹೇಳ್ಬೇಕ್ರಿ? ನನಗ ಡ್ಯೂಟಿ ಅದ, ಬಂದುಬಿಟ್ಟೆ.”

ನನಗೆ ಮೈಯೆಲ್ಲ ಉರಿಯಿತು. ತಪ್ಪು ಮಾಡಿದ ತಮ್ಮನ ಮೇಲೆ ಸಿಟ್ಟಿರಲಿ, ಆದರೆ ಸತ್ತ ಎಂದ ಮೇಲೂ ಒಂದು ಹನಿ ಬರಲಿಲ್ಲವೆಂದರೆ ಅದೆಂಥ ಎದೆ? ಮನೆಗೆ ಬಂದು ಒಲೆಯ ಮುಂದೆ ಕೂತೆ. ನಮ್ಮವರಿಗೆ ಏನೂ ಹೇಳಲಿಲ್ಲ. ಈ ಮಾತು ಅವರ ಕಿವಿಗೆ ಬಿದ್ದರೆ ಕಾಗೆ ಬೇಕಾಗಿಲ್ಲ, ಅವರು ಹಾಗೆಯೇ ಕರಗಿಹೋಗುತ್ತಾರೆ ಅನ್ನಿಸಿತು. ಮಾಡಬಾರದ ಕೆಲಸ ಮಾಡಿದೆನೇ ಎಂದು ಅಳು ಬಂತು, ಹೊಗೆಯ ನೆಪದಲ್ಲಿ ಸೆರಗಿನಿಂದ ಒರೆಸಿಕೊಂಡೆ.

ಮಧ್ಯಾಹ್ನ ತಿರುಗಿತ್ತು. ನಮ್ಮವರು ಕಟ್ಟೆಯ ಮೇಲೆ ಕೂತು, “ಚಹಾ ಆತೇನು?” ಎಂದು ಕೂಗಿದರು. ಲೋಟ ಹಿಡಿದು ಹೊರಗೆ ಬಂದೆ. ಓಣಿಯ ತಿರುವಿನಲ್ಲಿ ಬಸ್ಸಮ್ಮ ಬರುತ್ತಿದ್ದಳು. ಬರಿಗಾಲು, ಕಾಲೆಲ್ಲ ಧೂಳು, ಬಾಯಿ ಬಿಗಿದುಕೊಂಡಿದ್ದಳು. ಅರ್ಧ ಓಟ, ಅರ್ಧ ನಡಿಗೆ. ಕಟ್ಟೆಯ ಮೇಲೆ ಕೂತ ತಮ್ಮನನ್ನು ಕಂಡು ಗಕ್ಕನೆ ನಿಂತಳು.

“ಅಕ್ಕಾ,” ಎಂದು ನಮ್ಮವರು ಎದ್ದರು.

ಅವಳು ಹತ್ತಿರ ಬಂದು ಎರಡೂ ಕೈಯಲ್ಲಿ ಅವರ ಮುಖ ಹಿಡಿದಳು. ಬೆಳಕಿಗೆ ತಿರುಗಿಸಿ ನೋಡಿದಳು. “ಕಾಗಿ ಮುಟ್ಟಿತ್ತೇನು?” ಅಂದಳು.

“ಹೂಂ.”

ಅಷ್ಟು ಹೊತ್ತು ತಡೆದ ನನ್ನ ಸಿಟ್ಟು ತಪ್ಪು ಹೊತ್ತಿನಲ್ಲಿ ಬಾಯಿಗೆ ಬಂತು. “ಸತ್ತಾರ ಅಂದ್ರೂ ನಿಮಗ ಒಂದ್ ಹನಿ ಕಣ್ಣೀರು ಬರಲಿಲ್ಲಂತಲ್ಲ ಅಕ್ಕಾ!” ಅಂದೆ. ನಮ್ಮವರ ಮುಖ ಬಿಳಚಿಕೊಂಡಿತು. ನಾಲಿಗೆ ಕಚ್ಚಿಕೊಂಡೆ.

ಬಸ್ಸಮ್ಮ ನನ್ನ ಕಡೆ ನೋಡಲಿಲ್ಲ. ತಮ್ಮನ ಮುಖ ಬಿಡದೆಯೇ ಹೇಳಿದಳು. “ಅವ್ವ ಸತ್ತ ದಿನ ಅಳಕೋತ ಕುಂತೆ. ಓಣಿ ಹೆಣ್ಮಕ್ಕಳೆಲ್ಲ ನನ್ನ ತೆಕ್ಕಿ ಹಾಯ್ದು ಅತ್ರು. ಸೈದಾಪುರ ಸ್ಟೇಶನ್ನಾಗ ರೈಲು ಗಾಡಿ ಹೋಗಿಬಿಡ್ತು. ಮುಂದಿನ ಗಾಡಿಗೆ ಬರೋದ್ರಾಗ ಅವ್ವನ ಮಾರಿ ಮಣ್ಣಾಗ ಹೋಗಿತ್ತು. ಇವತ್ತೂ ಅಳಕೋತ ಕುಂತ್ರ ಇವನ ಮಾರೀನೂ ಸಿಗಂಗಿಲ್ಲ ಅಂದ್ಕೊಂಡೆ. ಸೀರಿ ಬದಲ ಮಾಡಿ, ಕೀಲಿ ಹಾಕಿ ಓಡಿದೆ. ಯಾದಗಿರಿಗೆ ಗಾಡಿ, ಅಲ್ಲಿಂದ ಬಸ್ಸು, ದಾರಿಯುದ್ದಕ ಹಲ್ಲು ಕಚ್ಚಿ ತಡಕೊಂಡೀನಿ. ಮೊದಲ ಮಾರಿ ನೋಡೋಣ, ಆಮ್ಯಾಲ ಅಳೋಣ ಅಂತ.”

ಹೇಳಿ ಮುಗಿಸಿ ಅತ್ತಳು. ಬದುಕಿರುವ ತಮ್ಮನ ಹೆಗಲಿಗೆ ತಲೆ ಕೊಟ್ಟು, ಸತ್ತ ತಾಯಿಗೂ ಸೇರಿಸಿ ಅತ್ತಳು. ಓಣಿಯ ಮಂದಿ ಬಾಗಿಲಿಗೆ ಬಂದರು. ನನ್ನ ಕೈಯ ಚಹಾ ಆರಿಹೋಯಿತು. ನಾನು ಅವಳ ಎದೆಯ ಬಗ್ಗೆ ಅಂದುಕೊಂಡದ್ದನ್ನೆಲ್ಲ ನೆನೆದು ನೆಲ ನೋಡುತ್ತಾ ನಿಂತೆ.

“ಅವತ್ತ ನಾ ನೀರಿನ ದಾರಿ ನೋಡಿದೆ ಅಕ್ಕಾ,” ಅಂದರು ನಮ್ಮವರು. “ನಿನ್ನ ದಾರಿ ನೋಡಲಿಲ್ಲ. ತಪ್ಪಾತು.” ಅವಳು ಅವರ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ನಾನು ಒಳಗೆ ಹೋಗಿ ಡಬ್ಬಿಯಿಂದ ಸಕ್ಕರೆ ತಂದೆ. ಅವರೇ ಅದನ್ನು ಅಕ್ಕನ ಬಾಯಿಗೆ ಹಾಕಿದರು.

ಬದುಕಿದ್ದಾನೆಂದು ತಿಳಿದ ಮೇಲೆ ಅತ್ತ ಕಣ್ಣೀರು ಕಾಗೆಯ ಕಾಯಿದೆಗೆ ನಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮವರು ಆ ಪ್ರಶ್ನೆ ಎತ್ತಲಿಲ್ಲ. ಹಸಿದ ಎತ್ತಿನ ಹಾಗೆ ಉಂಡರು.

ಅಮಾವಾಸ್ಯೆಯ ತನಕ ಇರೆಂದು ಬಸ್ಸಮ್ಮನನ್ನು ಹಿಡಿದುಕೊಂಡೆವು. ರೆಕಾರ್ಡಿಂಗಿಗೆ ಅವಳೂ ಬಂದಳು. ಮದುವೆಯ ಜೋಡಿಗಳನ್ನು ಕೂರಿಸುವ ಕೆಂಪು ಕುರ್ಚಿಯ ಮೇಲೆ ಶರೀಫಸಾಬ ಅವಳನ್ನು ಕೂರಿಸಿದ. ನಮ್ಮವರು ಆ ದಿನ ಸತ್ತ ಹಾಗೆ ಯಾವತ್ತೂ ಸತ್ತಿರಲಿಲ್ಲ. ಚಪ್ಪಲಿಯ ಮಾತಿಗೆ ಬಸ್ಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಎರಡನೆಯ ಕಥೆ ಶುರುವಾಯಿತು. “ರಾಚವ್ವಾ, ಚಹಾ ಎಲ್ಲಿ?” ಎಂದರು ನಮ್ಮವರು.

“ಅವ್ವನೂ ಒಮ್ಮೆ ಹಿಂಗ ಬಂದು ಕೇಳಿದ್ರ...” ಎಂದು ಬಸ್ಸಮ್ಮ ತನ್ನಷ್ಟಕ್ಕೆ ಅಂದಳು.

ಸಕ್ಕರೆ ಮುಗಿದಿದೆ ಎನ್ನಬೇಕಿದ್ದ ನನಗೆ ಮಾತು ಬರಲಿಲ್ಲ. ಸತ್ತದ್ದು ಲೆಕ್ಕಕ್ಕಿಲ್ಲ ಎಂಬ ಕಾಯಿದೆ ನಾನೇ ಇಟ್ಟುಕೊಂಡದ್ದು, ಅದರ ಮೇಲೆ ಎಷ್ಟೋ ಮಂದಿಯನ್ನು ನಗಿಸಿದ್ದೆ. ಮನೆಯಲ್ಲಿ ಅದು ನಡೆಯುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಅದನ್ನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ಶರೀಫಸಾಬ ಬಸ್ಸಮ್ಮನ ಮಾತು ತೆಗೆದುಹಾಕಿ, ನಾನು ಸುಮ್ಮನಿದ್ದ ಆ ಹೊತ್ತನ್ನು ಹಾಗೆಯೇ ಬಿಟ್ಟ. ನೋಡಿದವರು ರಾಚವ್ವ ಸಿಟ್ಟಾಗಿದ್ದಾಳೆ ಎಂದು ತಿಳಿದು ಇನ್ನೂ ಜಾಸ್ತಿ ನಕ್ಕರಂತೆ.

ಅಮಾವಾಸ್ಯೆಯ ದಿನ ಅತ್ತೆಯ ಎಡೆಗೆ ಹೋಳಿಗೆ ನಾನು ಮಾಡಿದೆ. ಬೆಲ್ಲದ ಚಹಾ ಬಸ್ಸಮ್ಮ ಕಾಸಿದಳು, ಅವ್ವನಿಗೆ ಅದೇ ಬೇಕಿತ್ತು ಎಂದು. ಎಲೆಯ ಬದಿಗೆ ಲೋಟ ಇಟ್ಟು, ದೀಪ ಹಚ್ಚಿ, ಹಿರಿಯರು ಬಂದು ಉಣ್ಣಲಿ ಎಂದು ನಾವೆಲ್ಲ ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆವು. ಕಟ್ಟೆಯ ಮೇಲೆ ಕೂತೆವು.

ಪಕ್ಕದ ಹೊಲದ ದೇವಿಂದ್ರ ಓಣಿಯ ತುದಿಯಿಂದಲೇ ಕೂಗಿದ. “ಹುಲಗಪ್ಪಣ್ಣಾ, ನಿಮ್ಮ ಪಾಳಿ ನೀರು ಬಂತು, ಲಗೂನ ಬರ್ರಿ!”

ನಮ್ಮವರು ಎದ್ದರು, ಒಳಗಿದ್ದ ಸಲಿಕೆಗೆಂದು ಬಾಗಿಲಿನ ಕಡೆ ಕೈ ಚಾಚಿದರು.

“ತಡಿ ತಮ್ಮಾ,” ಅಂದಳು ಬಸ್ಸಮ್ಮ. “ಅವ್ವ ಇನ್ನಾ ಚಹಾ ಕುಡದಿರಂಗಿಲ್ಲ.”

ದೇವಿಂದ್ರ ಮತ್ತೊಮ್ಮೆ ಕೂಗಿದ. ನಮ್ಮವರು ಅಕ್ಕನ ಪಕ್ಕಕ್ಕೆ ಬಂದು ಕೂತರು.