ಒಂದತ್ತೆ

ಒರೆಸುಬಟ್ಟೆ ಹಿಂಡಿದಷ್ಟೂ ತೊಟ್ಟಿಕ್ಕುತ್ತಲೇ ಇದೆ, ಇಷ್ಟು ಸಣ್ಣ ಮಗು ಎಷ್ಟು ಹೊತ್ತು ತಡೆದುಕೊಂಡು ನಿಂತಿತ್ತೋ ಪಾಪ — ಟೀಚರು ಇನ್ನೊಮ್ಮೆ ಹಿಂಡಿದಳು, ಬಟ್ಟೆಯ ಬದಲು ಆಯಾಳ ಕತ್ತು ಕೈಗೆ ಸಿಕ್ಕಿದ್ದರೆ ಚೆನ್ನಾಗಿತ್ತು, ಟಾಯ್ಲೆಟ್ ಬಾಗಿಲಿಗೆ ಅಡ್ಡ ನಿಂತವಳು ಹಲ್ಲು ಕಿರಿದುಕೊಂಡು ವರದಿ ಒಪ್ಪಿಸುತ್ತಾಳಲ್ಲ, ಒಂದತ್ತೆ ಅಂತು ಮಿಸ್, ಒಂದತ್ತೆನಾ ಎರಡತ್ತೆನಾ, ಯಾವ ಊರಿನ ಅತ್ತೆನೇ ಅಂದೆ, ಮಕ್ಕಳೆಲ್ಲ ನಕ್ಕೂ ನಕ್ಕೂ ಸುಸ್ತು. ನಕ್ಕವಂತೆ. ನಾಲ್ಕು ವರ್ಷದ ಬಟಾಣಿಗೆ — ಉರುಟು ಮುಖಕ್ಕೆ ಅವಳಪ್ಪ ಇಟ್ಟ ಹೆಸರು — ಕ ಹೊರಡುವುದಿಲ್ಲ, ಕಾಲು ಅಂದರೆ ತಾಲು, ಕೋತಿ ಅಂದರೆ ತೋತಿ, ಒಂದಕ್ಕೆ ಅಂದರೆ ಒಂದತ್ತೆ, ಈ ಕಟ್ಟಡದಲ್ಲಿ ಯಾರಿಗೆ ಗೊತ್ತಿಲ್ಲ ಇದು, ಸೇರಿದಾಗ ಬಾಯೇ ಬಿಡುತ್ತಿರಲಿಲ್ಲ, ಬೆರಳು ತೋರಿಸುತ್ತಿತ್ತು ಅಷ್ಟೇ, ಆರು ತಿಂಗಳು ತಾನೂ ಅದೂ ಕನ್ನಡಿ ಮುಂದೆ ಕೂತು, ಇಬ್ಬರೂ ತಲೆ ಹಿಂದಕ್ಕೆ ಹಾಕಿ ಗಳಗಳ ಬಾಯಿ ಮುಕ್ಕಳಿಸಿ, ನಾಲಿಗೆ ಹಿಂದುಗಡೆ ಎತ್ತಬೇಕು ಪುಟ್ಟಾ, ಹೀಗೆ, ಅಂಗಿಯೆಲ್ಲ ಒದ್ದೆ, ಸೋಮವಾರ ಒಂದು ಕ ಬಂತು, ಒಂದೇ ಒಂದು, ಇಬ್ಬರೂ ಕುಣಿದಾಡಿದರು, ಇವತ್ತಿನ್ನೂ ಗುರುವಾರ. ಕಾರಿಡಾರಿನಲ್ಲಿ ಹೆಡ್ ಮೇಡಂ ಚಪ್ಪಲಿಯ ಸದ್ದು, ಆಗಿದ್ದು ಆಯ್ತು ಬಿಡ್ರೀ, ಅವರಮ್ಮ ಬರೋಷ್ಟರಲ್ಲಿ ಚಡ್ಡಿ ಬದಲಾಯಿಸಿ, ಏನೂ ಹೇಳೋಕೆ ಹೋಗ್ಬೇಡಿ, ಹೇಗೂ ಆ ಮಗೂಗೆ ಹೇಳೋಕೆ ಬರಲ್ವಲ್ಲ.

ಮೈಯೆಲ್ಲ ಉರಿದುಹೋಯಿತು, ಹೇಳುತ್ತೇನೆ, ಗೇಟಿನಲ್ಲೇ ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳುತ್ತೇನೆ — ಆದರೆ ಆಯಾ ಹೋಗುವಾಗ ಅಂದದ್ದು, ನಾನೇನು ಬೇಕೂಂತ ಮಾಡಿದ್ನಾ, ಸರಿಯಾಗಿ ಹೇಳೋವರೆಗೂ ಕೊಡಬೇಡಿ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ ಮಿಸ್. ಚೆಂಡಿಗೆ ಹೇಳಿದ್ದೆ ಕಣೇ, ಆಟದ ಚೆಂಡಿಗೆ! ಕೊಡು ಅನ್ನೋದಕ್ಕೆ ಪ್ರಯತ್ನ ಮಾಡಲಿ ಅಂತ — ಹೇಳಿದ್ದಂತೂ ಹೌದು, ತನ್ನ ಬಾಯಿಂದಲೇ ಬಂದಿದ್ದು, ಮಹಾ ಟೀಚರು, ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಮಂಡಿಯೂರಿದಳು. ಯಾರದೋ ದೊಗಳೆ ಚಡ್ಡಿ ಹಾಕಿಕೊಂಡು ಬಟಾಣಿ ಗೋಡೆಗೆ ಅಂಟಿ ನಿಂತಿದೆ, ಒಂದತ್ತೆ ಅಂದ್ರೂ ಸಾಕು ಕಂದಾ, ನಂಗೆ ಅರ್ಥ ಆಗತ್ತೆ, ನೀನು ಹೇಗೆ ಹೇಳಿದ್ರೂ ಸರಿ, ಎಲ್ಲಿ, ಒಂದ್ಸಲ ಹೇಳು ನೋಡೋಣ — ಮಗು ಎರಡೂ ಕೈ ಎತ್ತಿ ಬಾಯಿ ಮುಚ್ಚಿಕೊಂಡಿತು, ಬೇಡ ಬಿಡು, ಹೇಳಬೇಡ, ಹೊರಗೆ ಗೇಟು ಕಿರುಗುಟ್ಟಿತು, ಅವಳಮ್ಮನೇ ಇರಬೇಕು, ಎಲ್ಲಿಂದ ಶುರು ಮಾಡುವುದು, ಏನಂತ ಹೇಳುವುದು, ಬಾಯಿಯ ಮೇಲೆ ಎರಡು ಕೈ, ಒಂದರ ಮೇಲೊಂದು, ಬಿಗಿಯಾಗಿ, ಎರಡು ಕೈ —